ಪಟ್ಟೋಲೆ ಪಳಮೆ: ಮೊದಲ ಮುದ್ರಣ ಮತ್ತು ಮರುಮುದ್ರಣಗಳು

ಪಟ್ಟೋಲೆ ಪಳಮೆ ಕೊಡಗಿನ ಕೊಡವರ ಹಾಡು, ಆಚಾರ, ಗಾದೆಗಳನ್ನು ಒಟ್ಟುಗೂಡಿಸಿ 1924ರಲ್ಲಿ ಅಚ್ಚಾದ ಗ್ರಂಥ. ಸಂಪಾದಕರು ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ (1875–1931). ಗ್ರಂಥದ ಸುಮಾರು ಮೂರರಲ್ಲಿ ಎರಡು ಪಾಲು ಹಾಡುಗಳೇ. ಅವುಗಳ ಭಾಷೆ ಕೊಡವ ತಕ್ಕ್, ಲಿಪಿ ಕನ್ನಡ.

ಅದಕ್ಕೆ ಮೊದಲೂ ಕೊಡವ ಹಾಡುಗಳು ಅಚ್ಚಿನ ಮುಖ ಕಂಡಿದ್ದವು. ಚಾರ್ಲ್ಸ್ ಗೋವರ್ 1871ರಲ್ಲಿ ಹೊರತಂದ ದಕ್ಷಿಣ ಭಾರತದ ಜನಪದ ಗೀತೆಗಳ ಸಂಗ್ರಹದಲ್ಲಿ ಕೊಡಗಿಗೂ ಒಂದು ಭಾಗವಿತ್ತು. ಆದರೆ ಅದು ಇಂಗ್ಲಿಷ್ ಪದ್ಯದ ಉಡುಗೆ ತೊಟ್ಟು ಬಂದಿತ್ತು. ಚಿಣ್ಣಪ್ಪನವರು ಮಾಡಿದ್ದು ಬೇರೆ ಬಗೆಯ ಕೆಲಸ. ಹಾಡುವವರ ಮಾತನ್ನೇ ಅವರು ಬರೆದಿಟ್ಟರು. ಆ ಹೊತ್ತಿಗೆ ಪಾಲಿಬೆಟ್ಟ, ಸಿದ್ದಾಪುರದ ಸುತ್ತ ಕಾಫಿ ತೋಟಗಳು ಹಬ್ಬಿದ್ದವು. ಹಾಡುಗಳಲ್ಲಿರುವುದು ಮಾತ್ರ ಬಹುಮಟ್ಟಿಗೆ ಗದ್ದೆ, ಕುಲದ ಮೂಲಮನೆಯಾದ ಐನ್‌ಮನೆ, ಕಾಡು ಮತ್ತು ಬೇಟೆಯ ಕೊಡಗು.

ಬಾಳೋಪಾಟ್ ಎಂದು ಕರೆಯುವ ಈ ಹಾಡುಗಳನ್ನು ನಾಲ್ವರು ಗಂಡಸರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ಹೇಳುತ್ತಾರೆ. ಇಬ್ಬರು ಹೇಳಿದ್ದನ್ನು ಉಳಿದಿಬ್ಬರು ಎತ್ತಿಕೊಳ್ಳುತ್ತಾರೆ. ಮದುವೆಗೊಂದು, ಸಾವಿಗೊಂದು, ಸುಗ್ಗಿಯ ಹಬ್ಬ ಪುತ್ತರಿಗೊಂದು, ದೇವರಿಗೊಂದು, ವೀರರಿಗೊಂದು ಹಾಡಿದೆ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಸಹಜವಾಗಿಯೇ ಹಲವು ರೂಪಗಳು. ಹಾಡುವವರ ನೆನಪು, ಕೇಳುವ ಮನೆ, ಸಿಕ್ಕ ಸಮಯ ಇವುಗಳಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅಚ್ಚಾದ ಮೇಲೆ ಒಂದು ರೂಪ ನಿಂತುಬಿಟ್ಟಿತು. ಮುಂದಿನ ಮುದ್ರಣಗಳಿಗೆ ಆಧಾರವಾದದ್ದೂ ಅದೇ. ಎಂ. ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೂ ಈ ಗ್ರಂಥ ಒದಗಿಬಂತು.

ಎರಡನೆಯ ಮುದ್ರಣಕ್ಕೆ ಅರ್ಧ ಶತಮಾನ ಕಾಯಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1975ರಲ್ಲಿ ಹೊರತಂದಿತು. ನಾಲ್ಕನೆಯದು 2002ರಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯಿಂದ ಬಂತು.

ಧ್ವನಿಮುದ್ರಿತ ಸಂಗೀತದ ಮರುಬಿಡುಗಡೆಗೂ ಈ ಗ್ರಂಥದ ಮರುಮುದ್ರಣಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಮೆರಿಕದ ರಾಕ್ ತಂಡ ಪರ್ಲ್ ಜಾಮ್‌ನ ಮೊದಲ ಆಲ್ಬಂ ‘ಟೆನ್’ 1991ರಲ್ಲಿ ಟಿಮ್ ಪಾಮರ್ ಅವರ ಮಿಶ್ರಣದಲ್ಲಿ ಬಂದಿತ್ತು. ಅದರಲ್ಲಿ ಪ್ರತಿಧ್ವನಿಯ ಅಬ್ಬರ ಹೆಚ್ಚೆಂಬುದು ತಂಡದವರ ಅಸಮಾಧಾನ. 2009ರ ಮರುಬಿಡುಗಡೆಗಾಗಿ ಬ್ರೆಂಡನ್ ಒಬ್ರಿಯನ್ ಗಾಯನ, ಗಿಟಾರ್, ಡ್ರಮ್‌ಗಳ ಬಿಡಿ ಟ್ರ್ಯಾಕ್‌ಗಳಿಗೇ ಮರಳಿ, ಆ ಪ್ರತಿಧ್ವನಿಯನ್ನು ತಗ್ಗಿಸಿ ಹೊಸದಾಗಿ ಮಿಶ್ರಣ ಮಾಡಿದರು. ಪಟ್ಟೋಲೆ ಪಳಮೆಯ ಪುಟಗಳಿಂದ ಹಾಗೆ ಮರಳಿ ಹೋಗುವ ದಾರಿಯಿಲ್ಲ. ದುಡಿಯ ಪೆಟ್ಟು, ಉಸಿರು ನಿಲ್ಲಿಸಿದ ಜಾಗ, ಎಳೆದು ಹಾಡಿದ ಅಕ್ಷರ ಯಾವುದನ್ನೂ ಪುಟ ಹಿಡಿದಿಟ್ಟಿಲ್ಲ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲದ್ದರಿಂದ, ಭಾಷೆ ಬಲ್ಲವರು ಅವನ್ನು ತಾವೇ ತುಂಬಿಕೊಂಡು ಓದಬೇಕು. ಹೊರಗಿನವರಿಗೆ ಇದು ದೊಡ್ಡ ತೊಡಕು.

ಅತಿ ದೊಡ್ಡ ಮಾರ್ಪಾಟು ನಡೆದದ್ದು ಇಂಗ್ಲಿಷ್ ಆವೃತ್ತಿಯಲ್ಲಿ. ಸಂಪಾದಕರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಬೊವ್ವೇರಿಯಂಡ ಚಿಣ್ಣಪ್ಪ ದಂಪತಿ ಅನುವಾದಿಸಿದ ಇದನ್ನು ದೆಹಲಿಯ ರೂಪಾ ಸಂಸ್ಥೆ 2003ರಲ್ಲಿ ಪ್ರಕಟಿಸಿತು. ದುಡಿಯ ಲಯಕ್ಕೆ ಕೂಡಿಬರುವ ಮೂಲದ ಛಂದಸ್ಸು ಅನುವಾದಕ್ಕೆ ದಕ್ಕುವಂಥದ್ದಲ್ಲ. ದಕ್ಕಿರುವುದು ಅರ್ಥ ಮತ್ತು ಸಂದರ್ಭ. ಕೊಡವ ತಕ್ಕ್ ಓದಲು ಬಾರದ, ಕೊಡಗಿನಿಂದ ದೂರದಲ್ಲಿ ಬೆಳೆದ ತಲೆಮಾರಿಗೆ ಈ ಆವೃತ್ತಿಯೇ ಹೆಚ್ಚು ಹತ್ತಿರ. ಹಾಡುವವರಿಗೆ ಬೇಕಾದದ್ದು ಕನ್ನಡ ಲಿಪಿಯ ಮುದ್ರಣವೇ.