ಪ್ರೀತಿ ಇದ್ದರೆ ಸಾಲದು, ಓದೂ ಬೇಕು: ಗುಂಟೂರಿನ ಡಾಕ್ಟರ್ ಸಿಸ್ಟರ್



ನಮ್ಮ ಧರ್ಮಕೇಂದ್ರದಲ್ಲಿ ನರ್ಸಿಂಗ್ ಓದುತ್ತಿರುವ ಅಕ್ಕ ತಂಗಿಯರು ಇದ್ದಾರೆ. ಮುಂದೆ ಎಂ.ಎಸ್ಸಿ. ಮಾಡುತ್ತೇನೆ ಎಂದರೆ ಸಾಕು, "ಕೆಲಸ ಸಿಗುತ್ತಲ್ಲ, ಇನ್ನೂ ಎಷ್ಟು ಓದು?" ಎಂದು ಮನೆಯಲ್ಲಿ ಕೇಳುತ್ತಾರೆ. ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ನಮ್ಮ ಆಂಧ್ರದಲ್ಲಿ ಒಬ್ಬರು ಬದುಕಿ ಉತ್ತರ ಕೊಟ್ಟಿದ್ದಾರೆ.

ಆ ಕಾಲದ ಒಂದು ವಿಷಯ ಈಗ ನಂಬುವುದು ಕಷ್ಟ. ಕನ್ಯಾಸ್ತ್ರೀಯರು ರೋಗಿಗಳ ಆರೈಕೆ ಮಾಡಬಹುದಿತ್ತು. ಆದರೆ ಡಾಕ್ಟರಾಗಿ ಚಿಕಿತ್ಸೆ ಕೊಡಲು ಧರ್ಮಸಭೆಯ ಕಾನೂನು ಬಿಡುತ್ತಿರಲಿಲ್ಲ. ಹೆರಿಗೆ ಮಾಡಿಸುವುದಂತೂ ವ್ರತ ತೊಟ್ಟವರಿಗೆ ತಕ್ಕದ್ದಲ್ಲ ಎಂಬ ಭಾವನೆ ಇತ್ತು. ಇತ್ತ ಇಂಡಿಯಾದಲ್ಲಿ ಗೋಷಾ ಪದ್ಧತಿಯ ಮನೆಗಳ ಹೆಂಗಸರು ಗಂಡಸು ಡಾಕ್ಟರಿಗೆ ತೋರಿಸಿಕೊಳ್ಳಲಾಗದೆ ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದರು.

ಇದನ್ನು ಕಂಡು ಸುಮ್ಮನಿರದವರು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್‌ಲಾರೆನ್. ಹೆಣ್ಣುಮಕ್ಕಳಿಗೆ ವೈದ್ಯಕೀಯ ಓದು ಸುಲಭವಾಗಿ ಸಿಗದಿದ್ದ ದಿನಗಳಲ್ಲಿ ಫ್ರಾನ್ಸಿಗೆ ಹೋಗಿ 1878ರಲ್ಲಿ ಡಾಕ್ಟರಾದವರು. ಅವರ ಪ್ರಯತ್ನದಿಂದ ರಾವಲ್ಪಿಂಡಿಯಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಆಸ್ಪತ್ರೆ ಆಯಿತು. ಕನ್ಯಾಸ್ತ್ರೀಯರಿಗೆ ವೈದ್ಯ ವೃತ್ತಿಗೆ ಅನುಮತಿ ಕೊಡಿ ಎಂದು ಮತ್ತೆ ಮತ್ತೆ ರೋಮಿಗೆ ಹೋಗಿ ಕೇಳಿದರು. ಅನುಮತಿ ಬರುವ ಮೊದಲೇ, 1913ರಲ್ಲಿ, ತೀರಿಕೊಂಡರು.

ಎರಡು ವರ್ಷದ ನಂತರ ಅವರ ಕುರಿತ ಒಂದು ಕಿರುಪುಸ್ತಕ ಮೆಲ್ಬರ್ನಿನ ಡಾ. ಮೇರಿ ಗ್ಲೌರಿಯ ಕೈಗೆ ಬಂತು. ಗ್ಲೌರಿ 1910ರಲ್ಲೇ ವೈದ್ಯಕೀಯ ಪದವಿ ಪಡೆದಿದ್ದವರು. ಇಂಡಿಯಾಕ್ಕೆ ಹೋಗಬೇಕೆಂದು ಆಗಲೇ ತೀರ್ಮಾನಿಸಿದರು. ಮೊದಲ ಮಹಾಯುದ್ಧ ಅಡ್ಡ ಬಂತು. ಇದ್ದ ಪದವಿಯೇ ಸಾಕು ಎಂದು ಅವರು ಕೂರಲಿಲ್ಲ. 1919ರಲ್ಲಿ ಎಂ.ಡಿ. ಮುಗಿಸಿದರು. ಆರಿಸಿಕೊಂಡ ವಿಷಯಗಳು ಹೆರಿಗೆ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆ. ಹೋಗುವ ಊರಿಗೆ ಏನು ಬೇಕೋ ಅದನ್ನೇ ಓದಿದರು.

1920ರಲ್ಲಿ ಗುಂಟೂರಿಗೆ ಬಂದು ಜೆ.ಎಂ.ಜೆ. ಸಿಸ್ಟರುಗಳ ಸಭೆ ಸೇರಿದರು. ಜಗದ್ಗುರು 15ನೇ ಬೆನೆಡಿಕ್ಟರು ವಿಶೇಷ ಅನುಮತಿ ಕೊಟ್ಟಿದ್ದರಿಂದ ಕನ್ಯಾಸ್ತ್ರೀಯಾಗಿದ್ದೂ ಡಾಕ್ಟರ್ ಕೆಲಸ ಮುಂದುವರಿಸಿದರು. ಹಲವು ವರ್ಷ ಅಲ್ಲಿ ಅವರೊಬ್ಬರೇ ಡಾಕ್ಟರ್. ಹಾಗಾಗಿ ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಸ್ಥಳೀಯ ಹೆಣ್ಣುಮಕ್ಕಳನ್ನು ನರ್ಸುಗಳಾಗಿ, ಸೂಲಗಿತ್ತಿಯರಾಗಿ, ಕಾಂಪೌಂಡರುಗಳಾಗಿ ತಯಾರು ಮಾಡಿದರು.

ಒಬ್ಬರಿಗೆ ಸಿಕ್ಕ ಅನುಮತಿ ಎಲ್ಲರಿಗೂ ಸಿಕ್ಕಿದ್ದು 1936ರಲ್ಲಿ. ಅದಕ್ಕೆ ಬಹಳ ಶ್ರಮಪಟ್ಟವರಲ್ಲಿ ಆಸ್ಟ್ರಿಯಾದ ಡಾ. ಆನಾ ಡೆಂಗೆಲ್ ಮುಖ್ಯರು. ಇವರೂ ಮೆಕ್‌ಲಾರೆನ್ ಅವರಿಂದಲೇ ಪ್ರೇರಣೆ ಪಡೆದು ರಾವಲ್ಪಿಂಡಿಯಲ್ಲಿ ದುಡಿದವರು. 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆ ಕಟ್ಟಿದವರು. 1936ರ ಫೆಬ್ರವರಿಯಲ್ಲಿ ರೋಮಿನಿಂದ ಬಂದ ಆದೇಶ, ಮಿಷನ್ ನಾಡುಗಳಲ್ಲಿ ತಾಯಂದಿರ ಮತ್ತು ಶಿಶುಗಳ ಆರೋಗ್ಯವನ್ನು ಸಿಸ್ಟರುಗಳು ನೋಡಿಕೊಳ್ಳಲಿ ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ, ಅದಕ್ಕೆ ಬೇಕಾದ ವೈದ್ಯ ಪದವಿ, ನರ್ಸಿಂಗ್ ಅರ್ಹತೆಗಳನ್ನೂ ಪಡೆಯಲಿ ಎಂದಿತು. ಯುವಮಿತ್ರರೇ, ಇದನ್ನು ಗಮನಿಸಿ. ಸೇವೆ ಮಾಡುವ ಮನಸ್ಸು ಇದ್ದರೆ ಸಾಕು ಎಂದು ಧರ್ಮಸಭೆ ಹೇಳಲಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವ ಶುರುವಾದರೆ ಕೈಯಲ್ಲಿರುವ ಸಮಯ ಬಹಳ ಕಡಿಮೆ. ಆಗ ತಾಯಿಯನ್ನು ಉಳಿಸುವುದು ಪಕ್ಕದಲ್ಲಿರುವವರ ಕಲಿಕೆ.

1943ರಲ್ಲಿ ಗ್ಲೌರಿ ಇಂದಿನ ಭಾರತ ಕಥೋಲಿಕ ಆರೋಗ್ಯ ಸಂಘದ ಬುನಾದಿ ಹಾಕಿದರು. ನಮ್ಮದೇ ಒಂದು ಮೆಡಿಕಲ್ ಕಾಲೇಜು ಆಗಬೇಕು ಎಂಬುದು ಅವರ ಆಸೆಯಾಗಿತ್ತು. 1957ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಆರು ವರ್ಷದ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಶುರುವಾಯಿತು.

ಇಂದು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಪ್ರಸೂತಿ ಮತ್ತು ಸ್ತ್ರೀರೋಗ ನರ್ಸಿಂಗ್, ಮಕ್ಕಳ ನರ್ಸಿಂಗ್, ಸಮುದಾಯ ಆರೋಗ್ಯ ನರ್ಸಿಂಗ್ ವಿಷಯಗಳಲ್ಲಿ ಎರಡು ವರ್ಷದ ಎಂ.ಎಸ್ಸಿ. ಇದೆ. ಇದಕ್ಕೆ ಯಾರೂ ರೋಮಿಗೆ ಹೋಗಿ ಅನುಮತಿ ಬೇಡಬೇಕಾಗಿಲ್ಲ. ಅನುಮತಿ ಬೇಕಾಗಿರುವುದು ನಮ್ಮ ಮನೆಗಳಿಂದ. ಮುಂದೆ ಓದಬೇಕೆನ್ನುವ ತಂಗಿ ನಿಮ್ಮ ಮನೆಯಲ್ಲಿದ್ದರೆ, ಅವಳ ಪರವಾಗಿ ಅಪ್ಪ ಅಮ್ಮನ ಹತ್ತಿರ ಒಂದು ಮಾತು ಆಡಿ.