ಏಟಿಲ್ಲ, ಬಿದ್ದಿಲ್ಲ, ಆದ್ರೂ ಮಣಿಕಟ್ಟು ನೋವು

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಫ್ರಿಜ್ಜಿನಿಂದ ಹಾಲಿನ ಗ್ಯಾಲನ್ ಕ್ಯಾನ್ ಎತ್ತೋಕೆ ಹೋದೆ. ಬಲಗೈ ಹೆಬ್ಬೆರಳ ಬುಡದಲ್ಲಿ ಚುಳ್ ಅಂತ ಮಿಂಚು ಹೊಡೆದ ಹಾಗಾಯ್ತು. ಕ್ಯಾನ್ ಕೈ ಜಾರಿತು, ಅಡುಗೆಮನೆ ತುಂಬಾ ಹಾಲು. ಎಲ್ಲೂ ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ, ಕ್ರಿಕೆಟ್ ಆಡಿ ಎರಡು ವರ್ಷ ಆಗಿತ್ತು. ಫೋನಿನಲ್ಲಿ ಅಮ್ಮನ ತೀರ್ಪು ಒಂದೇ ಸಾಲು: "ಉಳುಕಿರಬೇಕು, ಯಾರಾದ್ರೂ ತೆಗೆಯೋರು ಇದ್ದಾರಾ ನೋಡು." ವಾಷಿಂಗ್ಟನ್ ಡಿ.ಸಿ. ಪಕ್ಕದ ವರ್ಜೀನಿಯಾದಲ್ಲಿ ಉಳುಕು ತೆಗೆಯೋರನ್ನ ಎಲ್ಲಿಂದ ತರಲಿ ಮಾರಾಯ್ರೆ!

ನನ್ನ ತಲೆಗೆ ಬಂದಿದ್ದು ಮಾತ್ರ ಒಂದೇ ಹೆಸರು, ಕಾರ್ಪಲ್ ಟನೆಲ್. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟೋ ಜಾತಿಯವರು ನಾವು. ಕೈ ಹೋದ್ರೆ ಕೆಲಸ, ಕೆಲಸ ಹೋದ್ರೆ ವೀಸಾ, ವೀಸಾ ಹೋದ್ರೆ 60 ದಿನದೊಳಗೆ ಗಂಟುಮೂಟೆ. ಪಕ್ಕದ ರೂಮಿನಲ್ಲಿ ನಾಲ್ಕು ತಿಂಗಳ ಮಗಳು. ರಾತ್ರಿ ನಿದ್ದೆ ಬರದೆ ಓದೋಕೆ ಶುರು ಮಾಡಿದೆ, ಓದ್ತಾ ಓದ್ತಾ ಮುನ್ನೂರು ವರ್ಷ ಹಿಂದಕ್ಕೆ ಹೋದೆ.

ಅದಕ್ಕೂ ಮೊದಲು ನಮ್ಮ ಅಜ್ಜನ ವಿಷಯ ಹೇಳಿಬಿಡ್ತೀನಿ. ಅಮ್ಮನ ಅಪ್ಪ ತಂತಿ ಕಚೇರಿಯಲ್ಲಿ ಮೋರ್ಸ್ ಕುಟ್ಟೋ ಕೆಲಸದಲ್ಲಿದ್ದವರು. (ಯಾವ ಊರು ಅಂತ ಬೇಡ, ಅಲ್ಲಿನ ಆಗಿನ ಮೇಲಧಿಕಾರಿಯ ವಿಷಯ ಬರುತ್ತೆ.) ನಲವತ್ತರ ಹತ್ತಿರ ಬಂದಾಗ ಅವರ ಬಲಗೈ ಕೀಲಿಯ ಮೇಲೆ ಕೂರದೆ ಹೋಯ್ತಂತೆ. ಊಟ ಮಾಡೋಕೆ, ಮರ ಹತ್ತೋಕೆ, ಮಕ್ಕಳಿಗೆ ಎರಡು ಬಿಗಿಯೋಕೆ ಅದೇ ಕೈ ಸರಿಯಾಗೇ ಇತ್ತು. ಕೀಲಿ ಮುಟ್ಟಿದ ಕೂಡಲೇ ಸೆಟೆದುಕೊಳ್ತಿತ್ತು. ಮೂರು ಚುಕ್ಕಿ ಹೊಡೆಯೋ ಕಡೆ ಐದು ಬೀಳ್ತಿತ್ತು. "ನಾಟಕ ಆಡ್ತೀಯ" ಅಂದರಂತೆ ಆ ಮೇಲಧಿಕಾರಿ. ಅಜ್ಜ ಉಳಿದ ಸರ್ವೀಸನ್ನೆಲ್ಲ ಕೌಂಟರಿನಲ್ಲಿ ಕಳೆದರು. ನಮ್ಮ ಮನೆಯಲ್ಲೂ ಇದನ್ನ ಅಷ್ಟೇನೂ ನಂಬಿರಲಿಲ್ಲ ಅಂತ ನನ್ನ ಅನುಮಾನ. "ಅಪ್ಪನಿಗೆ ಆ ಕೆಲಸ ಬೇಜಾರಾಗಿತ್ತು" ಅಂತ ಅಮ್ಮ ನಗ್ತಾ ಹೇಳ್ತಿದ್ದಳು.

ಆ ರಾತ್ರಿ ಗೊತ್ತಾಯ್ತು, ಅದಕ್ಕೆ ಒಂದು ಹೆಸರಿತ್ತು ಅಂತ. ಟೆಲಿಗ್ರಾಫಿಸ್ಟರ ಸೆಳೆತ. ಅಮೆರಿಕದ ತಂತಿಯವರು ಅದನ್ನೇ "ಗಾಜಿನ ತೋಳು" ಅಂತಿದ್ದರು. ಎಂಥಾ ಹೆಸರು ನೋಡಿ, ಹೊರಗಿಂದ ಏನೂ ಕಾಣಲ್ಲ, ಮುಟ್ಟಿದ್ರೆ ಚೂರು.

ಈ ರೋಗದ ಊರು ಹುಡುಕಿಕೊಂಡು ನಾನು ದೂರ ಹೋಗಬೇಕಿರಲಿಲ್ಲ. ನಾನು ಮೆಟ್ರೋ ಹತ್ತಿ ಹೋಗೋ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದಲ್ಲೇ, 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ಕೂತು ಬಾಲ್ಟಿಮೋರಿಗೆ ಸಂದೇಶ ಕಳಿಸಿದ್ದು. ಆ ತುದಿಯಲ್ಲಿ ಇದ್ದವನು ಆಲ್ಫ್ರೆಡ್ ವೇಲ್. ಲೈನು ಎಳೆಯೋಕೆ ಅಮೆರಿಕದ ಸಂಸತ್ತು 30,000 ಡಾಲರ್ ಕೊಟ್ಟಿತ್ತು. ಆಮೇಲಿನ ಅರ್ಧ ಶತಮಾನದಲ್ಲಿ ಸಾವಿರಾರು ಹುಡುಗರು, ಹುಡುಗಿಯರು ಆ ಪುಟ್ಟ ಹಿತ್ತಾಳೆ ಕೀಲಿಯನ್ನ ದಿನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ ಕುಟ್ಟಿದರು. ಮನುಷ್ಯನ ಮಣಿಕಟ್ಟು ಅದಕ್ಕೆ ಮುಂಚೆಯೂ ದುಡಿದಿತ್ತು, ಬೀಸುತ್ತಿತ್ತು, ಕುಟ್ಟುತ್ತಿತ್ತು. ಆದ್ರೆ ಇಷ್ಟು ಸಣ್ಣ ಚಲನೆಯನ್ನ ಇಷ್ಟು ವೇಗವಾಗಿ, ಇಷ್ಟು ಹೊತ್ತು ಮಾಡಿದ ಉದಾಹರಣೆ ಹೆಚ್ಚಿರಲಿಲ್ಲ. 1904ರಲ್ಲಿ ಹೊರೇಸ್ ಮಾರ್ಟಿನ್ ಅನ್ನೋನು ಪೇಟೆಂಟ್ ಪಡೆದ ವೈಬ್ರೋಪ್ಲೆಕ್ಸ್ ಕೀಲಿಯಲ್ಲಿ ಕೈ ಅಡ್ಡಡ್ಡ ಚಲಿಸುತ್ತೆ, ಚುಕ್ಕಿಗಳು ಸ್ಪ್ರಿಂಗಿನ ಕಂಪನದಿಂದ ತಾನಾಗೇ ಬರುತ್ತವೆ. ತಂತಿಯವರು ಅದನ್ನ ಪ್ರೀತಿಯಿಂದ "ಬಗ್" ಅಂತ ಕರೆದರು. (ನಮ್ಮ ಕಸುಬಿನಲ್ಲಿ ಬಗ್ ಅಂದ್ರೆ ಯಾರಿಗೂ ಪ್ರೀತಿ ಬರಲ್ಲ.) ಕೈ ಉಳಿಸೋ ಸಾಧನ ಅಂತ ಮಾರಿದ ಮೊದಲ ಯಂತ್ರಗಳಲ್ಲಿ ಅದೂ ಒಂದು.

ಇಂಗ್ಲೆಂಡಿನವರು 1908ರಲ್ಲಿ ಈ ಸೆಳೆತವನ್ನ ಪರಿಹಾರ ಕೊಡಬೇಕಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿದರು. ಸೇರಿಸಿದ್ದೇ ತಡ, ಅರ್ಜಿಗಳು ಬಂದವು, ಗಾಬರಿಯಾಗಿ ಒಂದು ಸಮಿತಿ ಕೂರಿಸಿದರು. 1911ರಲ್ಲಿ ಸಮಿತಿ ಹೇಳಿದ್ದೇನು ಅಂದ್ರೆ, ಪದೇ ಪದೇ ಆಗೋ ಆಯಾಸದ ಜೊತೆ ಆ ಮನುಷ್ಯನ ನರಗಳ ಅಸ್ಥಿರತೆಯೂ ಕಾರಣ ಅಂತ. ಅಂದ್ರೆ ಅರ್ಧ ತಪ್ಪು ಕೀಲಿಯದು, ಅರ್ಧ ನಿನ್ನದೇ. ಅಜ್ಜನ ಮೇಲಧಿಕಾರಿಗೆ ಈ ವರದಿ ಗೊತ್ತಿರೋ ಸಾಧ್ಯತೆ ಇಲ್ಲ. ಆದ್ರೂ ದಾಟಿ ಅದೇ ನೋಡಿ!

ಇದಕ್ಕಿಂತ ಇನ್ನೂರು ವರ್ಷ ಹಿಂದೆಯೇ ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಜ್ಜೀನಿ ಇದನ್ನ ನೋಡಿದ್ದ. ಕಸುಬಿನ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದ, 1713ರ ಆವೃತ್ತಿಯಲ್ಲಿ ಬರಹಗಾರ ಗುಮಾಸ್ತರ ಅಧ್ಯಾಯ ಸೇರಿಸಿದ. ಅವನು ಕೊಟ್ಟ ಕಾರಣ ಮೂರು: ಸದಾ ಕೂತಿರೋದು, ಕೈ ಒಂದೇ ಥರ ಆಡ್ತಾನೇ ಇರೋದು, ತಪ್ಪಾಗಬಾರದು ಅನ್ನೋ ಮನಸ್ಸಿನ ಒತ್ತಡ. ನಮ್ಮ ಪ್ರಾಜೆಕ್ಟ್ ರಿಲೀಸ್ ವಾರವನ್ನ ನೋಡಿ ಬರೆದ ಹಾಗಿದೆ. ಅವನಿಗೆ ಪರಿಚಯದ ಒಬ್ಬ ನೋಟರಿಗೆ ಬಲಗೈ ಸೋತುಹೋಯ್ತಂತೆ. ಪಾಪ, ಎಡಗೈಯಲ್ಲಿ ಬರೆಯೋದು ಕಲಿತ. ಸ್ವಲ್ಪ ದಿನಕ್ಕೆ ಅದಕ್ಕೂ ಅದೇ ಗತಿ. ನಾನು ಮೌಸನ್ನ ಎಡಗೈಗೆ ಬದಲಾಯಿಸಿದ ಮಾರನೇ ದಿನವೇ ಇದನ್ನ ಓದಿದ್ದು, ಹಾಗಾಗಿ ಸ್ವಲ್ಪ ಕೈಕಾಲು ತಣ್ಣಗಾಯ್ತು. ನಮ್ಮ ಕಡೆಯ ಓಲೆಗರಿ ಪ್ರತಿಕಾರರೂ ಗ್ರಂಥದ ಕೊನೆಯಲ್ಲಿ ಬೆನ್ನು, ಸೊಂಟ, ಕತ್ತು ಮುರಿದುಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಅಂತ ಗೋಗರೆಯೋದುಂಟು. ಕಬ್ಬಿಣದ ಕಂಟದಲ್ಲಿ ಗರಿ ಕೊರೆದ ಆ ಮಣಿಕಟ್ಟುಗಳ ಕಥೆ ಯಾರೂ ಬರೆದಿಟ್ಟ ಹಾಗಿಲ್ಲ.

ಇರಲಿ, ನನ್ನ ಕೈಗೆ ಬರೋಣ. ಕೊನೆಗೂ ಡಾಕ್ಟರ ಹತ್ತಿರ ಹೋದೆ. ಆಕೆ ಕೇಳಿದ ಮೊದಲ ಪ್ರಶ್ನೆ ಕೀಬೋರ್ಡಿನ ಬಗ್ಗೆ ಅಲ್ಲ, "ಮನೆಯಲ್ಲಿ ಮಗು ಇದೆಯಾ?" ಹೆಬ್ಬೆರಳನ್ನ ಮುಷ್ಟಿಯೊಳಗೆ ಮಡಚಿಸಿ, ಕೈಯನ್ನ ಕಿರುಬೆರಳ ಕಡೆಗೆ ಬಗ್ಗಿಸಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ರಾತ್ರಿ ಮರಗಟ್ಟುತ್ತಾ, ಬೆರಳು ಜೋಮು ಹಿಡಿಯುತ್ತಾ ಅಂತ ಕೇಳಿದರು. ಇಲ್ಲ. ಹಾಗಿದ್ರೆ ಇದು ಕಾರ್ಪಲ್ ಟನೆಲ್ ಅಲ್ಲ, ಡಿ ಕರ್ವೇನ್ ಅಂದರು. ಮಗುವಿನ ಕಂಕುಳಿಗೆ ಹೆಬ್ಬೆರಳು ಅಗಲಿಸಿ ಕೈ ಹಾಕಿ, ದಿನಕ್ಕೆ ನಲವತ್ತು ಸಲ ಎತ್ತೋದೇ ಕಾರಣ ಇರಬೇಕು. ತಾಯಂದಿರಿಗೆ ಎಷ್ಟು ಸಾಮಾನ್ಯ ಅಂದ್ರೆ ಇಲ್ಲಿ ಆಡುಮಾತಿನಲ್ಲಿ "ಅಮ್ಮನ ಹೆಬ್ಬೆರಳು" ಅಂತಲೇ ಕರೀತಾರೆ. ಕೀಬೋರ್ಡನ್ನ ಸುಮ್ಮನೆ ಬೈದಿದ್ದೆ.

ಫ್ರಿಟ್ಸ್ ಡಿ ಕರ್ವೇನ್ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ. 1895ರಲ್ಲಿ ಐದು ರೋಗಿಗಳ ಬಗ್ಗೆ ಬರೆದ. ಹೆಬ್ಬೆರಳನ್ನ ಎಳೆಯೋ ಎರಡು ಹುರಿಗಳು ಮಣಿಕಟ್ಟಿನ ಬದಿಯಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆಯ ಗೋಡೆ ದಪ್ಪವಾದ್ರೆ ಹುರಿ ಉಜ್ಜುತ್ತೆ, ಅಷ್ಟೇ. (ನನಗೆ ಮಾಡಿದ ಪರೀಕ್ಷೆಯನ್ನ ಎಲ್ಲರೂ 1930ರ ಫಿಂಕೆಲ್‌ಸ್ಟೈನ್ ಹೆಸರಲ್ಲಿ ಕರೀತಾರೆ. ಮುಷ್ಟಿಯೊಳಗೆ ಹೆಬ್ಬೆರಳು ಮಡಚಿಸೋ ಈ ಬಗೆಯನ್ನ ಅದಕ್ಕೂ ಮುಂಚೆ, 1927ರಲ್ಲಿ ವಿವರಿಸಿದವನು ಐಕ್‌ಹಾಫ್.) ಆದ್ರೆ ಆ ಕಾಲದ ಗ್ರೇಸ್ ಅನಾಟಮಿಯಲ್ಲಿ, 1893ರ ಆವೃತ್ತಿಯಲ್ಲಿ, ಇದೇ ನೋವಿಗೆ ಬೇರೆ ಹೆಸರಿದೆ: ಬಟ್ಟೆ ಒಗೆಯುವವಳ ಉಳುಕು.

ಉಳುಕು! ಅಮ್ಮ ಅಂದಿದ್ದೂ ಅದನ್ನೇ.

ಈ ಹೆಸರು ಓದಿದ ಮೇಲೆ ನನಗೆ ಅಟ್ಲಾಂಟಾ ನೆನಪಾಯ್ತು. ಚಿಕ್ಕಮ್ಮನ ಮಗ ಅಲ್ಲಿರೋದ್ರಿಂದ ವರ್ಷಕ್ಕೊಮ್ಮೆ ಎರಡೂ ಕ್ಯಾರೊಲಿನಾ ದಾಟಿಕೊಂಡು ಹೋಗ್ತೀವಿ. 1881ರ ಜುಲೈನಲ್ಲಿ ಅಟ್ಲಾಂಟಾದ ಇಪ್ಪತ್ತು ಜನ ಒಗೆಯೋ ಹೆಂಗಸರು ಒಂದು ಸಂಘ ಕಟ್ಟಿದರು. ಹೆಚ್ಚುಕಮ್ಮಿ ಎಲ್ಲರೂ ಕರಿಯ ಹೆಂಗಸರು, ಗುಲಾಮಗಿರಿ ಮುಗಿದು ಹದಿನಾರೇ ವರ್ಷ. ಸೋಮವಾರ ಬಿಳಿಯರ ಮನೆಗಳಿಂದ ಬಟ್ಟೆ ತರೋದು, ಶನಿವಾರ ಇಸ್ತ್ರಿ ಮಾಡಿ ಕೊಡೋದು. ನೀರು ಬಾವಿಯಿಂದ ಅಥವಾ ಬೋರಿನಿಂದ ಹೊತ್ತು ತರಬೇಕು. ಸೋಪನ್ನ ತಾವೇ ಕುದಿಸಬೇಕು, ಗೋಧಿ ಹೊಟ್ಟಿನಿಂದ ಗಂಜಿ ತಾವೇ ಮಾಡಬೇಕು, ತೊಟ್ಟಿ ಅಂದ್ರೆ ಅರ್ಧ ಕತ್ತರಿಸಿದ ಬಿಯರ್ ಪೀಪಾಯಿ. ಇಷ್ಟಕ್ಕೆ ತಿಂಗಳಿಗೆ 4ರಿಂದ 8 ಡಾಲರ್.

ಹನ್ನೆರಡು ಪೌಂಡಿಗೆ ಒಂದು ಡಾಲರ್ ಕೊಡಿ, ಎಲ್ಲರಿಗೂ ಒಂದೇ ದರ ಇರಲಿ ಅಂತ ಮುಷ್ಕರ ಹೂಡಿದರು. ಮನೆ ಮನೆಗೆ ಹೋಗಿ ಸೇರಿಸಿಕೊಂಡು ಮೂರು ವಾರದಲ್ಲಿ ಇಪ್ಪತ್ತು ಜನ ಮೂರು ಸಾವಿರವಾದರು. ಕೆಲವರನ್ನ ಹಿಡಿದು ದಂಡ ಹಾಕಿದರು. ಸಂಘಕ್ಕೆ ಸೇರಿದ ಪ್ರತಿಯೊಬ್ಬಳೂ ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಶುಲ್ಕ ಕಟ್ಟಬೇಕು ಅನ್ನೋ ಪ್ರಸ್ತಾಪ ನಗರಸಭೆಗೆ ಬಂತು. ಹೆಂಗಸರು ಮೇಯರ್ ಜಿಮ್ ಇಂಗ್ಲಿಷ್‌ಗೆ ಪತ್ರ ಬರೆದು, ಬೇಕಿದ್ರೆ ಶುಲ್ಕವನ್ನೂ ಕಟ್ತೀವಿ, ಆದ್ರೆ ದರ ನಮ್ಮ ಕೈಯಲ್ಲಿರುತ್ತೆ ಅಂದರು. ಎಂಥಾ ಎದೆಗಾರಿಕೆ ಅಲ್ವಾ? ನಗರಸಭೆ ಕೊನೆಗೆ ಆ ಶುಲ್ಕ ಕೈಬಿಟ್ಟಿತು. ಅವರ ಬೇಡಿಕೆಯಲ್ಲಿ ಮಣಿಕಟ್ಟಿನ ಮಾತಿಲ್ಲ, ಇದ್ದಿದ್ದು ಕೂಲಿಯ ಮಾತು. ಆದ್ರೆ ನೆನೆದ ಬೆಡ್‌ಶೀಟೊಂದನ್ನ ಕೈಯಲ್ಲಿ ಹಿಂಡಿ ನೋಡಿ, ಹೆಬ್ಬೆರಳ ಬುಡದಲ್ಲಿ ಯಾವ ಹುರಿ ಎಳೆಯುತ್ತೆ ಅಂತ ಗೊತ್ತಾಗುತ್ತೆ. ನಾನು ನೋಡಿದೆ, ಬೇಡಪ್ಪಾ ಬೇಡ.

ನನ್ನ ಹೆಂಡತಿಯದು ಇನ್ನೊಂದು ಕಥೆ. ಬಸುರಿನ ಕೊನೇ ತಿಂಗಳುಗಳಲ್ಲಿ ಅರ್ಧರಾತ್ರಿ ಎದ್ದು ಕೈ ಕೊಡವುತ್ತಿದ್ದಳು. ಅವಳದ್ದೇ ನಿಜವಾದ ಕಾರ್ಪಲ್ ಟನೆಲ್ ಅಂತ ನಮಗೆ ಆಮೇಲೆ ತಿಳೀತು. ಅಂಗೈ ಬುಡದ ಸುರಂಗದಲ್ಲಿ ಒಂಬತ್ತು ಹುರಿಗಳ ಜೊತೆ ಒಂದು ನರ ಹಾಯುತ್ತೆ. ಒಳಗೆ ಸ್ವಲ್ಪ ಊತ ಬಂದ್ರೂ ನರ ಒತ್ತಿಹೋಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಕಿರುಬೆರಳಿಗೆ ಏನೂ ಆಗಲ್ಲ. ಬಸುರಿನ ನೀರು ತುಂಬಿಕೊಳ್ಳೋದು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕಮ್ಮಿ ಇರೋದು, ಕೀಲುವಾತ, ಇವೆಲ್ಲ ಕಾರಣ ಆಗಬಹುದು. ಹೆರಿಗೆಯಾಗಿ ಕೆಲವು ವಾರಕ್ಕೆ ಅವಳದು ತಾನಾಗೇ ಹೋಯ್ತು. ಲಂಡನ್ನಿನ ಜೇಮ್ಸ್ ಪೇಜೆಟ್ 1854ರಲ್ಲೂ, ಬಾಸ್ಟನ್ನಿನ ಪುಟ್ನಮ್ 1880ರಲ್ಲೂ ಇದನ್ನ ಗುರುತಿಸಿದ್ದರು. ಜನಪ್ರಿಯ ಮಾಡಿದ್ದು 1950ರ ನಂತರ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್. ಆತ ದೊಡ್ಡ ವೈದ್ಯ, ಅನುಮಾನವಿಲ್ಲ. ಆದ್ರೆ ತನ್ನ ರೋಗಿಗಳಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು, ಅವರೇನು ಕೈಯಾಳು ಕೆಲಸ ಮಾಡೋರಲ್ಲ, ಹಾಗಾಗಿ ಇದಕ್ಕೂ ದುಡಿಮೆಗೂ ಸಂಬಂಧ ಕಮ್ಮಿ ಅನ್ನೋ ಅರ್ಥದಲ್ಲಿ ವಾದಿಸಿದ. ಒಗೆಯೋದು, ತಿಕ್ಕೋದು, ನಾದೋದು ಕೈಕೆಲಸದ ಲೆಕ್ಕಕ್ಕೇ ಬರಲಿಲ್ಲ ನೋಡಿ. ಇದನ್ನ ಓದಿ ಹೇಳಿದಾಗ ನನ್ನ ಹೆಂಡತಿ ಏನಂದಳು ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಹಾಗಂತ ಕಂಪ್ಯೂಟರನ್ನ ಪೂರ್ತಿ ನಿರಪರಾಧಿ ಅಂತಲೂ ನಾನು ಹೇಳಲ್ಲ. 2001ರಲ್ಲಿ ಮೇಯೊ ಕ್ಲಿನಿಕ್‌ನವರು ತಮ್ಮಲ್ಲೇ ಕಂಪ್ಯೂಟರ್ ಜಾಸ್ತಿ ಬಳಸೋ ನೌಕರರನ್ನ ನೋಡಿದಾಗ ಕಾರ್ಪಲ್ ಟನೆಲ್ ಪ್ರಮಾಣ ಸಾಮಾನ್ಯ ಜನರಲ್ಲಿರೋ ಅಷ್ಟೇ ಇತ್ತು. ಆದ್ರೆ ಬಲ ಹಾಕಿ, ಬೇಗ ಬೇಗ, ಚಳಿಯಲ್ಲಿ ಮಾಡೋ ಕೈಕೆಲಸದ ಕಥೆ ಬೇರೆ. ಅಟ್ಲಾಂಟಾಗೆ ಹೋಗುವಾಗ ನಾರ್ತ್ ಕ್ಯಾರೊಲಿನಾದಲ್ಲಿ ಕೋಳಿ ತುಂಬಿದ ಲಾರಿಗಳು ಪುಕ್ಕ ಹಾರಿಸಿಕೊಂಡು ಮುಂದೆ ಹೋಗ್ತಿರುತ್ತವೆ. ಆ ಕೋಳಿಗಳನ್ನ ಕತ್ತರಿಸೋ ಕೈಗಳಲ್ಲಿ ಬಹಳಷ್ಟು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಬಂದವರದ್ದು. ಅಲ್ಲಿನ ಲ್ಯಾಟಿನೊ ಕೆಲಸಗಾರರ ಮೇಲೆ 2012ರಲ್ಲಿ ಬಂದ ಅಧ್ಯಯನದಲ್ಲಿ ಕೋಳಿ ಕಾರ್ಖಾನೆಯವರಲ್ಲಿ 8.7% ಜನಕ್ಕೆ ಕಾರ್ಪಲ್ ಟನೆಲ್, ಬೇರೆ ಕೈಕೆಲಸದವರಲ್ಲಿ 4%. ಸೌತ್ ಕ್ಯಾರೊಲಿನಾದ ಒಂದು ಕಾರ್ಖಾನೆಯಲ್ಲಿ ಸರ್ಕಾರಿ ಸಂಸ್ಥೆ ನಿಯೋಶ್ ಪರೀಕ್ಷೆ ಮಾಡಿ 2014ರಲ್ಲಿ ಕೊಟ್ಟ ವರದಿಯಲ್ಲಿ 42%! ಅವರಿಗೂ ನನ್ನ ಹಾಗೇ ಕೈ ಹೋದ್ರೆ ಕೆಲಸ ಹೋಗುತ್ತೆ, ಆದ್ರೆ ನನಗಿದ್ದ ಹಾಗೆ ಇನ್ಶೂರೆನ್ಸ್ ಕಾರ್ಡು ಎಲ್ಲರ ಜೇಬಲ್ಲೂ ಇರಲ್ಲ.

ಇದಕ್ಕೊಂದು ಕಾನೂನು ಬಂದಿತ್ತು, ಬಂದು ಎರಡು ತಿಂಗಳಿಗೆ ಸತ್ತೂ ಹೋಯ್ತು. 1990ರಲ್ಲಿ ಕಾರ್ಮಿಕ ಸಚಿವೆಯಾಗಿದ್ದ ಎಲಿಜಬೆತ್ ಡೋಲ್ (ನಾರ್ತ್ ಕ್ಯಾರೊಲಿನಾದ ಸಾಲ್ಸ್‌ಬರಿಯಲ್ಲಿ ಹುಟ್ಟಿದವರು) ಇಂಥ ನೋವುಗಳನ್ನ ತಡೆಯೋ ನಿಯಮ ತರ್ತೀವಿ ಅಂದರು. ಹತ್ತು ವರ್ಷ ಎಳೆದಾಡಿ 2000ದ ನವೆಂಬರಿನಲ್ಲಿ ಓಶಾ ಇಲಾಖೆ ನಿಯಮ ಪ್ರಕಟಿಸಿತು, 2001ರ ಜನವರಿ 16ಕ್ಕೆ ಜಾರಿಗೆ ಬಂತು. ಅದೇ ವಾರ ಸರ್ಕಾರ ಬದಲಾಯ್ತು. ಮಾರ್ಚ್ 6ಕ್ಕೆ ಸೆನೆಟ್ 56-44, ಮರುದಿನ ಕೆಳಮನೆ 223-206, ಮಾರ್ಚ್ 20ಕ್ಕೆ ಅಧ್ಯಕ್ಷ ಬುಷ್ ಸಹಿ. ನಿಯಮ ರದ್ದು. ಉದ್ಯಮಗಳಿಗೆ ವಿಪರೀತ ಖರ್ಚು ಅನ್ನೋದು ರದ್ದು ಮಾಡಿದವರ ವಾದ. 1996ರ ಒಂದು ಕಾಯ್ದೆಯನ್ನ ಮೊಟ್ಟಮೊದಲ ಬಾರಿಗೆ ಬಳಸಿ ಹೀಗೆ ಮಾಡಿದ್ದರಿಂದ, ಸಂಸತ್ತು ಹೊಸ ಕಾನೂನು ಮಾಡದ ಹೊರತು ಅದನ್ನೇ ಹೋಲೋ ನಿಯಮವನ್ನ ಇಲಾಖೆ ಮತ್ತೆ ತರೋ ಹಾಗಿಲ್ಲ. ಮೋರ್ಸ್ ಕೀಲಿ ಕುಟ್ಟಿದ ಅದೇ ಕಟ್ಟಡದಲ್ಲೇ ಈ ಮತದಾನವೂ ನಡೆದಿದ್ದು.

ನನಗೆ ಹೆಬ್ಬೆರಳು ಅಲುಗದ ಹಾಗೆ ಒಂದು ಪಟ್ಟಿ ಕೊಟ್ಟರು, ನಾಲ್ಕು ವಾರಕ್ಕೂ ಬಗ್ಗದಾಗ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಮಗಳನ್ನ ಈಗ ಕಂಕುಳಿಗೆ ಕೈ ಹಾಕಿ ಎತ್ತಲ್ಲ, ಕುಂಡೆಯ ಕೆಳಗೆ ಅಂಗೈ ಕೊಟ್ಟು ಬಾಚಿಕೊಳ್ತೀನಿ. ನೋವು ಮುಕ್ಕಾಲುಪಾಲು ಹೋಗಿದೆ. ನಿಮ್ಮದು ಮೂರ್ನಾಲ್ಕು ವಾರವಾದ್ರೂ ಹೋಗದಿದ್ರೆ, ಬೆರಳು ಜೋಮು ಹಿಡಿದ್ರೆ, ಹಿಡಿತ ಸಡಿಲವಾದ್ರೆ ಡಾಕ್ಟರಿಗೆ ತೋರಿಸಿ. ಊತದ ಜೊತೆ ಜ್ವರ ಬಂದ್ರೆ ಅವತ್ತೇ ಓಡಿ.

ಹೋದ ಭಾನುವಾರ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಜ್ಜನ ರೋಗಕ್ಕೆ ಹೆಸರಿತ್ತು, ಇಂಗ್ಲೆಂಡಿನಲ್ಲಿ ಅದಕ್ಕೆ ದುಡ್ಡೂ ಕೊಡ್ತಿದ್ದರು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಕೂಸಿದ್ದಾಗ ನಂಗೂ ಆರು ತಿಂಗಳು ಇತ್ತು ಕಣೋ, ಒಗೆಯೋ ಕಲ್ಲಿನ ಹತ್ರ ಹೋಗೋದಂದ್ರೆ ಅಳು ಬರ್ತಿತ್ತು. ಹಳೇ ಪಂಚೆ ಹರಿದು ಕಟ್ಟಿಕೊಳ್ತಿದ್ದೆ, ಹೋಗಲೇ ಇಲ್ಲ" ಅಂದಳು. ಹೇಗೆ ಕಟ್ಟಿಕೊಳ್ತಿದ್ದೆ ಅಂತ ಕೇಳಿದೆ. ವೀಡಿಯೋದಲ್ಲಿ ಟವಲ್ ತಗೊಂಡು ಸುತ್ತಿ ತೋರಿಸಿದಳು. ಮಣಿಕಟ್ಟಿಗೆ ಮೂರು ಸುತ್ತು, ಬಿಗಿಯಾಗಿ. ಹೆಬ್ಬೆರಳು ಹೊರಗೇ ಇತ್ತು.