ಕೋಲಾರದ ಚಿನ್ನದ ಗಣಿಗಳಲ್ಲಿ ಪರದೇಶೀಯರ ವಾಸ್ತವ್ಯ

ಕೋಲಾರ ಜಿಲ್ಲೆಯ ಆಧುನಿಕ ಚರಿತ್ರೆಯನ್ನು ಕುರಿತು ಬರೆದವರು ಚಿನ್ನದ ಗಣಿಗಳ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಉತ್ಪನ್ನದ ಲೆಕ್ಕವನ್ನೂ, ಗಣಿಗಳ ಆಳವನ್ನೂ, ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಸಂದ ರಾಜಧನವನ್ನೂ ವಿವರಿಸಿ ಮುಂದೆ ಸಾಗುತ್ತಾರೆ. ಸುಮಾರು ಮುಕ್ಕಾಲು ಶತಮಾನ ಕಾಲ ಅಲ್ಲಿ ನೆಲಸಿದ್ದ ಪರದೇಶೀಯರು ಹೇಗೆ ಬಾಳಿದರು, ಅವರು ಕುಡಿದ ನೀರು ಎಲ್ಲಿಂದ ಬಂದಿತು, ಅವರ ಮನೆಯ ದೀಪ ಯಾವ ಶಕ್ತಿಯಿಂದ ಉರಿಯಿತು ಎಂಬ ಪ್ರಶ್ನೆಗಳು ಚರಿತ್ರೆಕಾರನ ಗಮನಕ್ಕೆ ಅರ್ಹವಲ್ಲದ ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ದೊಡ್ಡ ಲೆಕ್ಕಗಳು ಮರೆಮಾಡುವ ಒಂದು ಸತ್ಯ ಈ ಸಣ್ಣ ಸಂಗತಿಗಳಿಂದ ಬೆಳಕಿಗೆ ಬರುತ್ತದೆ. ಅದನ್ನು ಸಂಗ್ರಹವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತಿನ ಅರ್ಥವನ್ನು ಗಮನಿಸಬೇಕು. ಕನ್ನಡದಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಅನ್ಯದೇಶದವನು ಎಂಬ ಅರ್ಥವೊಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಈ ಎರಡು ಅರ್ಥಗಳ ಪರದೇಶಿಗಳೂ ಚಿನ್ನದ ಗಣಿಗಳಲ್ಲಿ ಒಂದೇ ಕಾಲದಲ್ಲಿ, ಕೂಗಳತೆಯ ದೂರದಲ್ಲಿ ವಾಸಿಸಿದರು. ಒಬ್ಬರ ಜೀವನವನ್ನು ಬಿಟ್ಟು ಇನ್ನೊಬ್ಬರದನ್ನು ತಿಳಿಯುವುದು ಸಾಧ್ಯವಿಲ್ಲ.

ಈ ಪ್ರದೇಶದಲ್ಲಿ ಚಿನ್ನ ತೆಗೆಯುವ ವೃತ್ತಿ ಪುರಾತನವಾದದ್ದು. ೧೮೦೨ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಮೋಜಣಿ ಮಾಡುತ್ತಿದ್ದ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಗೆ ಉರಿಗಾಂ, ಮಾರಿಕುಪ್ಪಂ ಗ್ರಾಮಗಳ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲಸಿದ್ದ ಐರಿಷ್ ಸೈನಿಕ ಮೈಕೆಲ್ ಲಾವೆಲ್ ೧೮೭೩ರಲ್ಲಿ ಗಣಿಗಾರಿಕೆಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಮನವಿ ಮಾಡಿಕೊಂಡು ೧೮೭೫ರಲ್ಲಿ ಅದನ್ನು ಪಡೆದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಪ್ರವೇಶಿಸಿದ ಮೇಲೆ, ಆ ದಶಕದ ಮಧ್ಯದಲ್ಲಿ ಕ್ಯಾಪ್ಟನ್ ಪ್ಲಮ್ಮರನು ಹಳೆಯ ಕಾಲದ ಅಗೆತಗಳ ಜಾಡನ್ನು ಹಿಡಿದು ಚಾಂಪಿಯನ್ ಎಂಬ ಅದಿರಿನ ಪದರವನ್ನು ಕಂಡುಹಿಡಿದನು. ಬಂದವರ ಪರಿಶ್ರಮಕ್ಕೆ ಇಲ್ಲಿದ್ದವರ ಪೂರ್ವಪರಿಚಯವೇ ದಾರಿ ತೋರಿತೆಂಬುದು ಇದರಿಂದ ವಿದಿತವಾಗುತ್ತದೆ.

ಬಂದ ಐರೋಪ್ಯರೆಲ್ಲರನ್ನೂ 'ದೊರೆಗಳು' ಎಂಬ ಒಂದೇ ಗುಂಪಿಗೆ ಸೇರಿಸುವುದು ಯುಕ್ತವಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನಲ್ಲಿ ತವರದ ಗಣಿಗಳು ಕ್ಷೀಣಿಸಿದಾಗ ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ಜಗತ್ತಿನ ನಾನಾ ಭಾಗಗಳಿಗೆ ಚೆದರಿದರು. ಅವರಲ್ಲಿ ಕೆಲವರು ಕೋಲಾರಕ್ಕೆ ಬಂದರು. ಮೇಲೆ ಹೇಳಿದ 'ಕ್ಯಾಪ್ಟನ್' ಎಂಬ ಬಿರುದು ಸೈನ್ಯದ್ದಲ್ಲ, ಕಾರ್ನ್‌ವಾಲಿನ ಗಣಿಗಳ ಮೇಲ್ವಿಚಾರಕನದು. ಇಟಲಿಯವರೂ ಆಂಗ್ಲೋ-ಇಂಡಿಯನ್ನರೂ ಗಣಿಯೊಳಗಿನ ಕೆಲಸಗಳಲ್ಲಿದ್ದರು. ತಮ್ಮ ದೇಶದಲ್ಲಿ ಬಡ ಕೆಲಸಗಾರನಾಗಿದ್ದವನು ಇಲ್ಲಿ ಬಂಗಲೆ, ಬಟ್ಲರ್, ಆಯಾಗಳುಳ್ಳ ಸಾಹೇಬನಾಗುತ್ತಿದ್ದನು. ೧೮೮೫ರಲ್ಲಿ ಕ್ಲಬ್ಬು ಸ್ಥಾಪಿತವಾಯಿತು. ಗಾಲ್ಫ್ ಮೈದಾನ, ಚರ್ಚುಗಳು, ಆಸ್ಪತ್ರೆ, ಐರೋಪ್ಯ ಮಕ್ಕಳ ಶಾಲೆ ಒಂದೊಂದಾಗಿ ಎದ್ದುನಿಂತವು. ಈ ಜೀವನಕ್ರಮವನ್ನು ಕಂಡು ಜನರು ಆ ಊರನ್ನು 'ಚಿಕ್ಕ ಇಂಗ್ಲೆಂಡ್' ಎಂದು ಕರೆದರು.

ಆದರೆ ಈ ಚಿಕ್ಕ ಇಂಗ್ಲೆಂಡಿಗೆ ಆಧಾರ ಯಾವುದು? ೧೮೬೪ರಲ್ಲಿ ಮಾಲೂರಿನ ಮಾರ್ಗವಾಗಿ ಬೆಂಗಳೂರು-ಜೋಲಾರಪೇಟೆ ರೈಲುದಾರಿ ಆರಂಭವಾಗಿತ್ತು. ಆ ದಾರಿಯಲ್ಲಿದ್ದ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಸುಮಾರು ೧೦ ಮೈಲಿಗಳ ಕವಲುದಾರಿ ೧೮೯೪ರಲ್ಲಿ ಸಿದ್ಧವಾಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ೯೨ ಮೈಲಿಗಳ ತಂತಿಯ ಮೂಲಕ ಗಣಿಗಳನ್ನು ತಲುಪಿತು. ಬೆಂಗಳೂರು ನಗರದ ಬೀದಿಗಳಿಗೆ ಆ ಬೆಳಕು ಬಂದದ್ದು ೧೯೦೫ರಲ್ಲಿ. ನಲ್ಲಿಯ ನೀರು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ಬರುತ್ತಿತ್ತು. ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಕರೆಯಲ್ಪಟ್ಟಿರುವ ಈ ಊರಿನ ಕೆರೆ ಸ್ಥಳೀಯ ಒಡೆಯರ ಕಾಲದ್ದು. ಅದರ ನೀರಿನಿಂದ ಪರದೇಶೀಯರ ಹೂದೋಟಗಳು ಬೆಳೆದವು. ಇನ್ನು ಆಹಾರದ ಮಾತು. ೧೮೯೧ರಲ್ಲಿ ಸುಮಾರು ೭,೦೦೦ ಜನರಿದ್ದ ಗಣಿಯ ಪ್ರದೇಶದಲ್ಲಿ ೧೯೦೧ರ ವೇಳೆಗೆ ಸುಮಾರು ೩೮,೦೦೦ ಜನರಿದ್ದರು. ಬೇಸಾಯ ಮಾಡದ ಇಷ್ಟೊಂದು ಜನ ಒಂದೆಡೆ ಸೇರಿದಾಗ ರಾಗಿ, ತರಕಾರಿ, ಹಾಲು, ಸೌದೆಗಳೆಲ್ಲವೂ ಹೊರಗಿನಿಂದಲೇ ಬರಬೇಕು. ಮಾಲೂರು ರೈಲಿನ ಮೇಲೆಯೂ, ಕೋಲಾರ ಮತ್ತು ಮುಳಬಾಗಿಲು ಮದರಾಸಿನ ಹೆದ್ದಾರಿಯ ಮೇಲೆಯೂ ಇದ್ದವು. ಮುಂದೆ ಬೌರಿಂಗ್‌ಪೇಟೆಯಿಂದ ಕೋಲಾರ, ಶ್ರೀನಿವಾಸಪುರಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ಕಿರುರೈಲು ಹೊರಟಿತು. ದಾರಿಗಳ ಈ ಹೆಣಿಗೆಯಿಂದ ಸುತ್ತಣ ತಾಲ್ಲೂಕುಗಳ ಸಂತೆಗಳು ಗಣಿಯ ಊರಿಗೆ ಹತ್ತಿರವಾದವು.

ಎರಡನೆಯ ಅರ್ಥದ ಪರದೇಶಿಗಳು ಗಣಿಯ ಕೂಲಿಗಾರರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ತಮಿಳು, ತೆಲುಗು ಜನರೇ ಇವರಲ್ಲಿ ಹೆಚ್ಚು. ಬಹುಮಂದಿ ಅಸ್ಪೃಶ್ಯತೆಯ ಕಷ್ಟವನ್ನೂ ಭೂಮಿಯಿಲ್ಲದ ಬಡತನವನ್ನೂ ಬಿಟ್ಟು ಬಂದವರು. ಬಂಗಲೆಗಳಿದ್ದ ದಿಣ್ಣೆಯ ಕೆಳಗೆ ಇವರ 'ಲೈನು'ಗಳು, ಬಿದಿರಿನ ತಟ್ಟಿಗಳ ಗುಡಿಸಲುಗಳು ಇದ್ದವು. ಕಾರ್ನ್‌ವಾಲಿನವನೂ ಆರ್ಕಾಟಿನವನೂ ತೊಟ್ಟಿಲಲ್ಲಿ ಒಂದೇ ಬಾವಿಗೆ ಇಳಿಯುತ್ತಿದ್ದರು. ಒಂದೇ ಧೂಳನ್ನು ಉಸಿರಾಡುತ್ತಿದ್ದರು. ಬಂಡೆ ಸಿಡಿದಾಗ ಅದು ಜಾತಿಯನ್ನಾಗಲಿ ವರ್ಣವನ್ನಾಗಲಿ ಕೇಳುತ್ತಿರಲಿಲ್ಲ. ಮೇಲಕ್ಕೆ ಬಂದೊಡನೆ ಮಾತ್ರ ಇಬ್ಬರ ದಾರಿಗಳು ಬೇರೆಯಾಗುತ್ತಿದ್ದವು. ಒಬ್ಬನು ಕ್ಲಬ್ಬಿಗೆ ಹೋಗುತ್ತಿದ್ದನು. ಇನ್ನೊಬ್ಬನು ಅದಿರು ಕದ್ದಿರಬಹುದೆಂಬ ಸಂಶಯದಿಂದ ಮೈಶೋಧನೆಗೆ ನಿಲ್ಲುತ್ತಿದ್ದನು.

ಇದೇ ಕಾಲದಲ್ಲಿ ಚೀನಾದೇಶದ ಶಾಂಘಾಯಿ ನಗರದಲ್ಲಿ ನೆಲಸಿದ್ದ ಪರದೇಶೀಯರ ಸ್ಥಿತಿಯೊಡನೆ ಇದನ್ನು ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೮೪೨ರ ನಾನ್‌ಕಿಂಗ್ ಒಪ್ಪಂದದ ತರುವಾಯ ಅಲ್ಲಿ ಪಾಶ್ಚಾತ್ಯರು ತಮ್ಮದೇ ಆದ ವಸತಿಪ್ರದೇಶವನ್ನು, ೧೮೫೪ರಲ್ಲಿ ತಮ್ಮದೇ ನಗರಸಭೆಯನ್ನು ಸ್ಥಾಪಿಸಿಕೊಂಡರು. ತೆರಿಗೆ ತೆರುತ್ತಿದ್ದ ಚೀನೀಯರಿಗೆ ಆ ಸಭೆಯಲ್ಲಿ ಸ್ಥಾನ ದೊರೆತದ್ದು ೧೯೨೮ರಲ್ಲಿ. ಅಲ್ಲಿನ ಪೋಲೀಸು ಪಡೆಯಲ್ಲಿ ನಮ್ಮ ಪಂಜಾಬಿನ ಸಿಖ್ಖರೂ ಇದ್ದರು. ಕೋಲಾರದ ಗಣಿಗಳ ನೆಲವಾದರೋ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ್ದೇ ಹೊರತು ಪರರಿಗೆ ಬಿಟ್ಟುಕೊಟ್ಟದ್ದಲ್ಲ. ಹಾಗಿದ್ದರೂ ೧೮೮೧ರ ಪುನರರ್ಪಣೆಯ ನಿಬಂಧನೆಗಳಂತೆ ಐರೋಪ್ಯ ಬ್ರಿಟಿಷ್ ಪ್ರಜೆಗಳ ಮೇಲಣ ಅಧಿಕಾರವನ್ನು ಬ್ರಿಟಿಷ್ ಸರ್ಕಾರವು ತನ್ನಲ್ಲಿಯೇ ಉಳಿಸಿಕೊಂಡಿತ್ತು. ಕೂಲಿಗಾರನಿಗೆ ಇಂತಹ ರಕ್ಷೆ ಇರಲಿಲ್ಲ. ೧೯೩೦ರ ಏಪ್ರಿಲಿನಲ್ಲಿ ಕೂಲಿಗಾರರ ಬೆರಳಚ್ಚು ಪಡೆದು ದಾಖಲೆ ಮಾಡುವ ಕ್ರಮವನ್ನು ಪ್ರತಿಭಟಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಬೆರಳಚ್ಚು ಅಪರಾಧಿಯದೆಂದು ತಿಳಿದಿದ್ದ ಜನರಿಗೆ ಅದು ಕೂಲಿಯ ಪ್ರಶ್ನೆಗಿಂತ ಮಿಗಿಲಾಗಿ ಮರ್ಯಾದೆಯ ಪ್ರಶ್ನೆಯಾಗಿತ್ತು.

ಪರದೇಶೀಯನು ಪ್ರತ್ಯೇಕನಾಗಿಯೇ ಬಾಳಬೇಕೆಂಬ ನಿಯಮವೇನೂ ಇರಲಿಲ್ಲ. ಗಣಿಗಳಿಂದ ಹೆಚ್ಚು ದೂರವಲ್ಲದ ಕೋಲಾರ ಪಟ್ಟಣದಲ್ಲಿ, ೧೮೭೬-೭೮ರ ಮಹಾಕ್ಷಾಮದ ಕಾಲದಲ್ಲಿ, ಮಿಸ್ ಆನ್‌ಸ್ಟೆ ಎಂಬ ಆಂಗ್ಲ ಮಹಿಳೆ ಅನಾಥ ಮಕ್ಕಳಿಗಾಗಿ ಆಶ್ರಯವನ್ನು ನಡೆಸಿದರು. ಆ ಕಾರ್ಯವನ್ನು ೧೮೯೦ರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನು ವಹಿಸಿಕೊಂಡಿತು. ೧೯೧೦ರಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ಧರ್ಮಪ್ರಚಾರದ ಉದ್ದೇಶ ಇವರಿಗಿದ್ದದ್ದು ನಿಜ. ಆದರೆ ಹಳ್ಳಿಯ ಹೆಂಗಸಿನ ಹೆರಿಗೆಯನ್ನು ನೋಡಿಕೊಳ್ಳುವವಳಿಗೆ ಆ ಹೆಂಗಸಿನ ಮಾತು ತಿಳಿಯಲೇಬೇಕು. ಗಣಿಯ ಸಾಹೇಬನಿಗೆ ಮೇಸ್ತ್ರಿಯೊಬ್ಬನಿದ್ದರೆ ಸಾಕಾಗಿತ್ತು. ವೃತ್ತಿಯು ಬೇಡುವ ಸಂಬಂಧದ ಮೇಲೆ ವಾಸ್ತವ್ಯದ ಸ್ವರೂಪ ನಿಂತಿರುತ್ತದೆಂಬುದಕ್ಕೆ ಇವೆರಡೂ ನಿದರ್ಶನಗಳು.

೧೯೫೬ರ ನವೆಂಬರಿನಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಶಪಡಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರಕ್ಕೂ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಸೇರಿದವು. ಐರೋಪ್ಯರು ಕ್ರಮೇಣ ತೆರಳಿದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ಲೈನುಗಳ ಜನರಿಗೆ ತೆರಳಲು ಊರೆಂಬುದು ಇರಲಿಲ್ಲ. ಮೂರು ನಾಲ್ಕು ತಲೆಮಾರುಗಳ ಹಿಂದೆ ಬಿಟ್ಟುಬಂದ ಹಳ್ಳಿಗಳಲ್ಲಿ ಅವರನ್ನು ಬಲ್ಲವರು ಯಾರು? ಇಂದಿಗೂ ಅವರ ಮಕ್ಕಳು ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಚಿನ್ನವನ್ನು ಹೊರಗೆ ಸಾಗಿಸಿದ ರೈಲುದಾರಿ ಈಗ ದುಡಿಮೆಯನ್ನು ಹೊರಗೆ ಸಾಗಿಸುತ್ತಿದೆ.

ಒಟ್ಟಿನಲ್ಲಿ, ನೆಲೆ ಎಂಬುದನ್ನು ಬಂಗಲೆಯ ಭದ್ರತೆಯಿಂದ ಅಳೆಯಲಾಗದು. ಕಾನೂನಿನ ರಕ್ಷೆ, ನಲ್ಲಿಯ ನೀರು, ವಿದ್ಯುದ್ದೀಪಗಳನ್ನು ಪಡೆದ ಪರದೇಶೀಯನು ಕೊನೆಯವರೆಗೂ ಅತಿಥಿಯಾಗಿಯೇ ಉಳಿದನು. ತಟ್ಟಿಯ ಗುಡಿಸಲಿನಲ್ಲಿ ಸಂಶಯದ ಕಣ್ಣಿಗೆ ಗುರಿಯಾಗಿ ಬಾಳಿದವನು ಆ ನೆಲದವನೇ ಆದನು. ಜಿಲ್ಲೆಯ ಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಚಿನ್ನದ ತೂಕದ ಜೊತೆಗೆ ಬೇತಮಂಗಲದ ನೀರಿನ, ಮಾರಿಕುಪ್ಪದ ರೈಲಿನ, ಲೈನುಗಳ ಸಂಸಾರಗಳ ವೃತ್ತಾಂತವನ್ನೂ ಸಂಗ್ರಹಿಸಬೇಕಾಗಿದೆ. ಗಣಿಯ ಕೆಲಸವನ್ನು ಕಂಡುಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಮಾತನಾಡುವ ಕಾಲದಲ್ಲಿಯೇ ಈ ಕೆಲಸ ನಡೆಯುವುದು ಅವಶ್ಯಕ.